ಶಾಂತವ್ವನ ಎಡದವಡೆ

ಡಾಕ್ಟರ್ ಸೋಮಲಿಂಗಪ್ಪನವರು ಹಲ್ಲು ಕೀಳುವುದಿಲ್ಲ. ದಂತವೈದ್ಯರಾಗಿದ್ದೂ ಕೀಳುವುದಿಲ್ಲ. ಈ ಸಣ್ಣ ಸಂಗತಿ ಅಮೆರಿಕದ ಗೈದರ್ಸ್‌ಬರ್ಗಿನ ಕನ್ನಡಿಗರ ಬಾಯಲ್ಲಿ ಬೆಳೆದು ಪುರಾಣವೇ ಆಗಿಹೋಗಿತ್ತು. ಅವರ ಕ್ಲಿನಿಕ್ಕಿನ ಬಾಗಿಲು ದಾಟಿದೊಡನೆ ಅಲುಗಾಡುವ ಹಲ್ಲುಗಳು ಸೈನಿಕರಂತೆ ನೆಟ್ಟಗೆ ನಿಲ್ಲುತ್ತವೆ ಎಂದು ಕೆಲವರು ಹೇಳುತ್ತಿದ್ದರು. ಬಾಲ್ಟಿಮೋರಿನ ಅಜ್ಜಿಯೊಬ್ಬರ ಉದುರಿದ ಹಲ್ಲು, ಫೋನಿನಲ್ಲಿ ಡಾಕ್ಟರ ಧ್ವನಿ ಕೇಳಿ ತಾನಾಗಿ ವಾಪಸು ಬಂದು ಕೂತಿತೆಂದೂ ಒಂದು ಕತೆ ಇತ್ತು. ಆ ಎರಡನೆಯದನ್ನು ಹಬ್ಬಿಸಿದವನು ನಾನೇ. ಯುಗಾದಿ ಊಟದ ಸಾಲು ಬಹಳ ಉದ್ದವಿತ್ತು.

ಇಂಥ ಮಹಾತ್ಮರ ಬಳಿ ಒಂದು ದೋಣಿ ಇತ್ತು. ವಯಸ್ಸಿನಲ್ಲಿ ನನಗಿಂತ ಹಿರಿಯದು. ಹೊಟ್ಟೆಯೊಳಗೆ ಎಡಕ್ಕೊಂದು ಬಲಕ್ಕೊಂದು ಎಂಜಿನ್. ಬೆನ್ನ ಮೇಲೆ ಡಾಕ್ಟರ ತಾಯಿಯ ಹೆಸರು, ಶಾಂತವ್ವ. ಅನಾಪೊಲಿಸ್ ಬಳಿಯ ಪುಟ್ಟ ಕೊಲ್ಲಿಯೊಂದರಲ್ಲಿ ಅದನ್ನು ಕಟ್ಟಿಹಾಕಿದ್ದರು. ಆ ದೋಣಿಕಟ್ಟೆಯ ಮಾಲೀಕ ಹಾರ್ಲನ್, ಚಳಿಗಾಲಕ್ಕೆ ಮೊದಲು ಎಂಜಿನ್‌ಗಳ ನೀರನ್ನೆಲ್ಲ ಬಸಿಯಬೇಕೆಂದು ಹೇಳಿದ್ದ. ಡಾಕ್ಟರು ತಲೆಯಾಡಿಸಿ, ಗದಗಿನಿಂದ ಬಂದಿದ್ದ ಎರಡು ಕೌದಿಗಳನ್ನು ಎರಡೂ ಎಂಜಿನ್‌ಗಳಿಗೆ ಹೊದಿಸಿದರು. ಬೆಚ್ಚಗಿರಲೆಂದು ನಡುವೆ ಒಂದು ಬಲ್ಬು ಹಚ್ಚಿದರು. ನೀರು ಎಲ್ಲಿತ್ತೋ ಅಲ್ಲೇ ಉಳಿಯಿತು.

ತೊಂಬತ್ನಾಲ್ಕರ ಜನವರಿಯಲ್ಲಿ ಮೂಗಿನೊಳಗಿನ ಕೂದಲೂ ಮರಗಟ್ಟುವ ಚಳಿ ಬಿತ್ತು. ಕರೆಂಟು ಹೋಯಿತು, ಬಲ್ಬು ಆರಿತು. ಕೌದಿಯೊಳಗೆ ನೀರು ಹಾಯಾಗಿ ಹೆಪ್ಪುಗಟ್ಟಿ, ಉಬ್ಬಿ, ಎಂಜಿನ್ನನ್ನು ಒಳಗಿನಿಂದಲೇ ಒದ್ದಿತು. ಬಲದ ಎಂಜಿನ್ನಿನ ಬಿರಡೆಗಳು ಹಾರಿಹೋಗಿ ಅದು ಬಚಾವಾಯಿತು. ಎಡದ್ದರ ಕಬ್ಬಿಣದ ಮೈ ಬೆರಳುದ್ದ ಸೀಳಿತು.

ಏಪ್ರಿಲ್‌ನಲ್ಲಿ ಕೌದಿ ಸರಿಸಿ ನೋಡಿದ ಹಾರ್ಲನ್, “ಡಾಕ್, ಇಟ್ಸ್ ಡೆಡ್. ಪುಲ್ ಇಟ್ ಔಟ್” ಎಂದ. ಕಟ್ಟೆಯ ರಿಪೇರಿ ಇದ್ದುದರಿಂದ ಅವನ ಶರತ್ತೂ ಖಡಾಖಂಡಿತವಾಗಿತ್ತು. ತಿಂಗಳ ಕೊನೆಯೊಳಗೆ ಇದ್ದ ಎಂಜಿನ್‌ಗಳನ್ನೆಲ್ಲ ಓಡಿಸಿಕೊಂಡು ತಾನಾಗಿ ಹೊರಟ ದೋಣಿ ಕೊಲ್ಲಿಯ ನಡುವೆ ಲಂಗರು ಹಾಕಿಕೊಳ್ಳಬಹುದು. ಹೊರಡಲಾಗದ್ದು ಗುಜರಿಗೆ.

ಡಾಕ್ಟರು ಮುಖ ಕೆಂಪೇರಿ ನನ್ನತ್ತ ತಿರುಗಿದರು. “ಕೀಳೋದಾ? ನನ್ನ ಮುಂದ ಕೀಳೋ ಮಾತಾಡ್ತಾನಲ್ರೀ ಬದರಿ ಇಂವಾ!”

“ಗುಜರಿಗೆ ಹೋದ್ರ ಹೋಗ್ಲಿ ಬಿಡ್ರಿ,” ಎಂದರು ಅವರ ಹೆಂಡತಿ ಸಿದ್ದೇಶ್ವರಿ. “ಮನ್ಯಾಗ ನಲ್ಲಿ ಸೋರಾಕ ಹತ್ತಿ ವರ್ಷಾತು. ಅದನ್ನ ನೋಡಾಕ ಯಾವ ಸ್ಪೆಷಲಿಸ್ಟ್ ಕರೀಲಿ?”

ಮುಂದಿನ ಶನಿವಾರ ಕ್ಲಿನಿಕ್ಕಿನ ಅರ್ಧ ಸಾಮಾನು ನನ್ನ ವ್ಯಾನಿನಲ್ಲಿತ್ತು.

ಆ ಶಸ್ತ್ರಚಿಕಿತ್ಸೆಯನ್ನು ಕಣ್ಣಾರೆ ಕಂಡ ಪುಣ್ಯವಂತ ನಾನು. ಡಾಕ್ಟರು ಮಾಸ್ಕು, ಕೈಗವಸು ಹಾಕಿಕೊಂಡು ಎಂಜಿನ್ನಿನ ಪಕ್ಕ ಬೋರಲು ಮಲಗಿದರು. ನನ್ನ ಕೈಗೆ ನೀರು ಹೀರುವ ಕೊಳವೆ ಕೊಟ್ಟರು. ಸೀಳು ಮುಂದೆ ಓಡದಂತೆ ಅದರ ಎರಡೂ ತುದಿಗೆ ಒಂದೊಂದು ಸಣ್ಣ ತೂತು ಕೊರೆದರು. ಹಲ್ಲಿನ ಡ್ರಿಲ್ಲಿಗೆ ಕಬ್ಬಿಣ ಒಗ್ಗದೆ ಅದರ ನಾಲ್ಕಾರು ಮೊನೆಗಳು ಪಟಪಟನೆ ಮುರಿದು ಹಾರಿದವು. ಒಂದು ನನ್ನ ಕಿವಿಯ ಪಕ್ಕದಲ್ಲೇ ಹೋಯಿತು.

“ಸ್ವಲ್ಪ ಝುಮ್ ಅಂತೈತಿ, ಅಂಜಬ್ಯಾಡ್ರಿ,” ಎಂದರು ಡಾಕ್ಟರು.

“ನಾನೇನೂ ಹೆದರಿಲ್ಲ ಡಾಕ್ಟ್ರೇ.”

“ನಿಮಗಲ್ರೀ, ಪೇಶಂಟಿಗೆ.”

ಸೀಳಿನ ತುಕ್ಕು ಕೆರೆದು, ಸ್ಪಿರಿಟ್ಟಿನಿಂದ ಒರೆಸಿ, ಗಾಳಿಯೂದಿ ಒಣಗಿಸಿದರು. ಲೋಹಕ್ಕೆ ಹಚ್ಚುವ ಎರಡು ಟ್ಯೂಬುಗಳ ಅಂಟನ್ನು ಕಲಸಿ, ಪುಟ್ಟ ಚಮಚದಿಂದ ಒತ್ತಿ ಒತ್ತಿ ತುಂಬಿದರು. ಉಬ್ಬುತಗ್ಗು ಇರಬಾರದೆಂದು ಉಜ್ಜಿ ಪಾಲಿಶ್ ಕೂಡ ಮಾಡಿದರು. ಕೊನೆಗೆ ಎಂಜಿನ್ನಿನ ತಲೆ ತಟ್ಟಿ, “ನಾಳೀತನಕ ಈ ಕಡೀ ಏನೂ ಅಗೀಬ್ಯಾಡ್ರಿ” ಎಂದರು. ಬಾಗಿಲಲ್ಲಿ ನಿಂತಿದ್ದ ಹಾರ್ಲನ್‌ಗೆ ನಾನು ಅದನ್ನು ಅನುವಾದಿಸಿ ಹೇಳಿದೆ. ಅವನು ತಲೆ ಕೆರೆದುಕೊಳ್ಳುತ್ತ ಹೊರಟುಹೋದ.

ತಿಂಗಳ ಕೊನೆಯ ದಿನ ಬಂತು. ಹೊಸ ಬಿರಡೆ ಹಾಕಿಸಿಕೊಂಡಿದ್ದ ಬಲದ ಎಂಜಿನ್ ಮೊದಲ ಸಲಕ್ಕೇ ಎದ್ದಿತು. ಎಡದ್ದು ಕೆಮ್ಮಿತು, ಉಗುಳಿತು, ಸುಮ್ಮನಾಯಿತು. ಕಟ್ಟೆಯ ಮೇಲೆ ಹಾರ್ಲನ್ ಗುಜರಿಯವನ ಫೋನ್ ನಂಬರು ಹುಡುಕಲು ಜೇಬಿಗೆ ಕೈ ಹಾಕಿದ. ಡಾಕ್ಟರು ಕಣ್ಣು ಮುಚ್ಚಿ ಮತ್ತೊಮ್ಮೆ ಕೀಲಿ ತಿರುಗಿಸಿದರು. ಎಡದವಡೆ ಗಡಗಡನೆ ಅಲುಗಿ, ಕಪ್ಪು ಹೊಗೆ ಕಾರಿ, ಗರ್ಜಿಸಿತು! ತೇಪೆಯ ಅಂಚಿನಲ್ಲಿ ಒಂದು ಹನಿ ಮೂಡಿತು. ಡಾಕ್ಟರು ಹತ್ತಿಯಿಂದ ಒರೆಸಿದರು. ಎರಡನೆಯ ಹನಿ ಬರಲಿಲ್ಲ.

ಡಾಕ್ಟರನ್ನೂ ನನ್ನನ್ನೂ ಹೊತ್ತು ಶಾಂತವ್ವ ಕಟ್ಟೆ ಬಿಟ್ಟು ಹೊರಟಳು. ಹಾರ್ಲನ್ ಟೋಪಿ ತೆಗೆದ. ಕಟ್ಟೆಯ ಮೇಲಿದ್ದ ಸಿದ್ದೇಶ್ವರಿಯವರೂ ನಲ್ಲಿ ಮರೆತು ಚಪ್ಪಾಳೆ ತಟ್ಟಿದರು. ಡೊಳ್ಳಿನವರನ್ನು ಕರೆಸಬೇಕಿತ್ತೆಂದು ನನಗೆ ಬಹಳ ಪೇಚಾಟವಾಯಿತು. ನನ್ನ ಕಣ್ಣ ಮುಂದೆ ಚೆಸಪೀಕ್, ಅದರಾಚೆ ಅಟ್ಲಾಂಟಿಕ್, ಅದರಾಚೆ ಎಲ್ಲೋ ಕಾರವಾರದ ಬಂದರು, ಅಲ್ಲಿ ಹಾರ ಹಿಡಿದು ನಿಂತ ಜನ!

ಕೊಲ್ಲಿಯ ನಡುವೆ ಬಂದದ್ದೇ ಡಾಕ್ಟರು ಎರಡೂ ಎಂಜಿನ್ ಆರಿಸಿ ಲಂಗರು ಇಳಿಸಿದರು.

“ಯಾಕೆ ನಿಲ್ಲಿಸಿದ್ರಿ ಡಾಕ್ಟ್ರೇ? ಯಮನನ್ನೇ ವಾಪಸ್ ಕಳಿಸಿದೀರಿ! ಹೇಳಿ, ಎಲ್ಲಿಗೆ ನಮ್ಮ ದಂಡಯಾತ್ರೆ?”

ಅವರು ಒಂದು ದಿಂಬು ತೆಗೆದು ಕೊಡವಿದರು.

“ಎಲ್ಲಿಗೂ ಇಲ್ರೀ ಬದರಿ. ಮಧ್ಯಾಹ್ನ ಊಟ ಆದಮ್ಯಾಲ ಮಲಗಾಕ ಒಂದು ಜಾಗಾ ಬೇಕಾಗಿತ್ತು, ಅಷ್ಟ.”