ತಾರೀಖಕ್ಕನ ಐದು ನಿಮಿಷ

ನಮ್ಮ ರೇಡಿಯೋ ಕೇಂದ್ರದಲ್ಲಿ ಹವಾಮಾನ ವರದಿ ಮುಗಿದು ಬೆಳಗಿನ ವಾರ್ತೆ ಶುರುವಾಗುವ ಮುಂಚೆ ಐದು ನಿಮಿಷದ ಒಂದು ಸಂದು ಇತ್ತು. ಯಾರಿಗೂ ಬೇಡದ ಸಂದು. ಬಹಳ ಕಾಲ ಅಲ್ಲಿ ಯಾವುದೋ ಹಳೆಯ ವಾದ್ಯಸಂಗೀತದ ತುಣುಕು ಹಾಕಿ ದಿನ ತಳ್ಳಿದರು. ಆ ಸಂದಿಗೆ ಬಂದು ಕೂತು, ಅದನ್ನೇ ಊರಿನ ಬೆಳಗನ್ನಾಗಿ ಮಾಡಿದ ಹೆಂಗಸಿನ ಕಥೆ ಇದು. ನಾನು ಅದೇ ಕೇಂದ್ರದಲ್ಲಿ ಧ್ವನಿ ತಂತ್ರಜ್ಞ, ಎಂದರೆ ಗಾಜಿನ ಈಚೆ ಕೂತು ಗುಂಡಿ ತಿರುಗಿಸುವವನು. ಅವರು ಗಾಜಿನ ಆಚೆ.

ಊರಿಗೆಲ್ಲ ಅವರು ತಾರೀಖಕ್ಕ. ಕೆಲಸಕ್ಕೆ ಸೇರಿದ್ದು ಟೆಲಿಫೋನ್ ಆಪರೇಟರ್ ಆಗಿ. ಕೇಳುಗರು ತಮಗಿಷ್ಟವಾದ ಹಾಡು ಬೇಕೆಂದು ಫೋನ್ ಮಾಡಿದರೆ ಬರೆದುಕೊಂಡು ಇಟ್ಟುಬಿಡುವುದು, ಅಷ್ಟೇ ಅವರ ಕೆಲಸ. ಆದರೆ ಅಕ್ಕ ಸುಮ್ಮನೆ ಇಡುತ್ತಿರಲಿಲ್ಲ. "ಈ ಹಾಡಾ? ಇದರ ರೆಕಾರ್ಡು ಅಂಗಡಿಗೆ ಬಂದಿದ್ದು ಇವತ್ತಿನ ತಾರೀಖಿಗೇ, ಗೊತ್ತಾ?" ಎಂದು ಶುರು ಮಾಡುತ್ತಿದ್ದರು. ಆ ಕಡೆಯವರು ಹೂಂ ಎನ್ನುತ್ತಿದ್ದರು. ಲೈನು ಜಾಮ್. ಅವರ ತಂದೆಗೆ ರೆಕಾರ್ಡು ಅಂಗಡಿ ಇತ್ತು. ಚಿಕ್ಕಂದಿನಲ್ಲಿ ಧೂಳು ಒರೆಸುವ ಕೆಲಸ ಇವರದ್ದು. ಒರೆಸುತ್ತ ಒರೆಸುತ್ತ ಕವರಿನ ಹಿಂಬದಿಯನ್ನೆಲ್ಲ ಓದಿಕೊಂಡು ಬೆಳೆದವರು. ಗಿಟಾರಿನವನು ಯಾರು, ಡ್ರಮ್ಮಿನವನು ಯಾರು, ಯಾವ ತಂಡ ಯಾಕೆ ಒಡೆಯಿತು ಎಂಬುದೆಲ್ಲ ಅವರಿಗೆ ಪಕ್ಕದ ಮನೆಯ ಸುದ್ದಿಯಿದ್ದ ಹಾಗೆ.

ಒಂದು ದಿನ ನಮ್ಮ ಮುಖ್ಯಸ್ಥರು ಬೈಯಲೆಂದೇ ಆಪರೇಟರ್ ಕೋಣೆಗೆ ಹೋದರು. ಅಕ್ಕ ಬೆನ್ನು ತಿರುಗಿಸಿಕೊಂಡು ಯಾರಿಗೋ ಕಥೆ ಹೇಳುತ್ತಿದ್ದರು. ಬೈಯಲು ಹೋದವರು ಬಾಗಿಲಿಗೆ ಒರಗಿ ನಿಂತರು. ಫೋನು ಇಟ್ಟ ಮೇಲೆ ಕೇಳಿದರು:

"ಆಮೇಲೆ ಆ ಹಾಡುಗಾರ ವಾಪಸ್ ಬಂದನಾ?"

"ಬಂದ ಸಾರ್," ಎಂದು ಅಕ್ಕ ಗಡಬಡಿಸಿ ಎದ್ದು ನಿಂತರು.

"ಒಬ್ಬೊಬ್ಬರಿಗೇ ಯಾಕಮ್ಮ ಹೇಳ್ತೀರಿ? ವಾರ್ತೆಗೆ ಮುಂಚೆ ಐದು ನಿಮಿಷ ಖಾಲಿ ಬಿದ್ದಿದೆ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡಿ. ನನ್ನ ಲೈನಾದ್ರೂ ಉಸಿರಾಡಲಿ."

ಹಾಗೆ 'ಇದೇ ದಿನ' ಶುರುವಾಯಿತು. ಪಾಪ್ ಮತ್ತು ರಾಕ್ ಸಂಗೀತದ ಚರಿತ್ರೆಯಲ್ಲಿ ಆ ತಾರೀಖಿಗೆ ಏನು ನಡೆಯಿತೋ ಅದರಲ್ಲಿ ಒಂದೇ ಒಂದನ್ನು ಆರಿಸಿಕೊಂಡು ಹೇಳುವುದು. ಬೇರೆಯವರಾಗಿದ್ದರೆ ಇಂಥವರು ಹುಟ್ಟಿದರು, ಇಂಥ ಹಾಡು ಮೊದಲ ಸ್ಥಾನಕ್ಕೆ ಏರಿತು ಎಂದು ಓದಿ ಎದ್ದು ಹೋಗುತ್ತಿದ್ದರು. ಅಕ್ಕ ಹಾಗಲ್ಲ. ಅವತ್ತು ಚಳಿಯಿತ್ತೇ, ಹಾಡುವವಳಿಗೆ ನೆಗಡಿಯಾಗಿತ್ತೇ, ತಂಡದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರೇ ಇಲ್ಲವೇ, ಎಲ್ಲಿಂದ ಹುಡುಕುತ್ತಿದ್ದರೋ ಏನೋ, ಆ ದಿನವನ್ನು ಎತ್ತಿ ತಂದು ಕೇಳುವವರ ಮಡಿಲಿಗೆ ಹಾಕುತ್ತಿದ್ದರು. ಗೊತ್ತಿಲ್ಲದ್ದನ್ನು ಮಾತ್ರ ಗೊತ್ತಿದೆ ಎಂದು ಎಂದೂ ಹೇಳಲಿಲ್ಲ. "ಇದು ಜನ ಹೇಳೋದು, ನಾನು ಕಂಡಿಲ್ಲ" ಎಂದು ಬಿಡಿಸಿ ಹೇಳುತ್ತಿದ್ದರು.

ಒಂದು ವರ್ಷ ಸಲೀಸಾಗಿ ಹೋಯಿತು. ಎರಡನೆಯ ವರ್ಷ ಕಷ್ಟ ಶುರುವಾಯಿತು. ತಾರೀಖುಗಳು ತಿರುಗಿ ಬಂದವು, ಚರಿತ್ರೆ ಮಾತ್ರ ಹಳೆಯದೇ. "ಹಳೇ ಟೇಪನ್ನೇ ಹಾಕಿಬಿಡೋಣ ಅಕ್ಕ, ಯಾರಿಗೆ ನೆನಪಿರುತ್ತೆ?" ಎಂದೆ ನಾನು.

"ನನಗೆ ನೆನಪಿರುತ್ತಲ್ಲ," ಎಂದರು.

ಜನವರಿ ಮೂವತ್ತನ್ನೇ ನೋಡಿ. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಆ ದಿನ ಬೀಟಲ್ಸ್ ತಂಡದ ನಾಲ್ವರು ಲಂಡನ್ನಿನ ತಮ್ಮ ಕಚೇರಿಯ ತಾರಸಿ ಹತ್ತಿ, ಯಾರಿಗೂ ಮುಂಚೆ ಹೇಳದೆ ನುಡಿಸಿದರು. ಬೀದಿಯಲ್ಲಿ ಜನ ನಿಂತರು, ಪೊಲೀಸರು ಬಂದರು, ಆಮೇಲೆ ಆ ನಾಲ್ವರು ಜನರೆದುರು ಒಟ್ಟಿಗೆ ನುಡಿಸಲೇ ಇಲ್ಲ. ಅಕ್ಕ ಮೊದಲ ವರ್ಷ ಇದನ್ನು ಹೇಳಿದ್ದು ಡ್ರಮ್ಮಿನವನ ಕಡೆಯಿಂದ. ಚಳಿ ತಡೆಯಲಾರದೆ ಹೆಂಡತಿಯ ಕೆಂಪು ಮಳೆಕೋಟು ಹಾಕಿಕೊಂಡು ಕೂತಿದ್ದನಲ್ಲ, ಅವನ ಕಡೆಯಿಂದ. ಮರುವರ್ಷ ಪೊಲೀಸಿನವನ ಕಡೆಯಿಂದ: ಗಲಾಟೆ ನಿಲ್ಲಿಸಬೇಕು ನಿಜ, ಆದರೆ ಇಂಥವರ ಎದುರು ನಿಂತು ಹೇಗಪ್ಪ ಹೇಳುವುದು! ಇನ್ನೊಂದು ವರ್ಷ ಪಕ್ಕದ ಕಟ್ಟಡಗಳಿಂದ ಕೆಲಸ ಬಿಟ್ಟು ಮೇಲೆ ಹತ್ತಿ ಬಂದ ಗುಮಾಸ್ತೆಯರ ಕಡೆಯಿಂದ. ಒಂದೇ ದಿನ, ಪ್ರತಿ ವರ್ಷವೂ ಹೊಸದು. ಗಾಜಿನ ಈಚೆ ಕೂತ ನಾನು ಗುಂಡಿ ತಿರುಗಿಸುವುದನ್ನು ಮರೆತು ಬಾಯಿ ಬಿಟ್ಟುಕೊಂಡು ಕೇಳಿದ್ದುಂಟು.

ಊರಿಗೆಲ್ಲ ಮೆಚ್ಚುಗೆ, ಮನೆಯಲ್ಲಿ ಮಾತ್ರ ಇಲ್ಲ. ಗಂಡ ಫ್ರಿಜ್ ರಿಪೇರಿಯವರು, ಮೃದು ಮನುಷ್ಯ, ಹೆಂಡತಿಯ ಮಾತೆಂದರೆ ಅವರಿಗೆ ವೇದ. ತಕರಾರೆಲ್ಲ ಅತ್ತೆಯದು. ಅತ್ತೆ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಗಂಡಸರ ಪ್ಯಾಂಟು ಹೊಲಿಯುವುದರಲ್ಲಿ ಆ ಬೀದಿಗೇ ಹೆಸರಾದವರು, ಬಾಯಿಯೂ ಕತ್ತರಿಯಷ್ಟೇ ಚುರುಕು. "ಡಬಡಬ ಅಂತ ಬಡ್ಕೊಳ್ಳೋರ ಪುರಾಣ ಹೇಳೋಕೆ ಬೆಳಗಾಗೆದ್ದು ಓಡ್ತಾಳೆ ನನ್ನ ಸೊಸೆ," ಎಂದು ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದರು. ಆದರೆ ಗಂಡ ನನಗೆ ಗುಟ್ಟಾಗಿ ಹೇಳಿದ್ದೇ ಬೇರೆ. ಆ ಐದು ನಿಮಿಷ ಅಮ್ಮನ ಹೊಲಿಗೆ ಯಂತ್ರ ನಿಂತುಹೋಗುತ್ತದೆ. ಯಾಕಮ್ಮ ಎಂದರೆ, "ಸೂಜಿಗೆ ದಾರ ಪೋಣಿಸ್ತಿದೀನಿ, ಕಾಣಲ್ವಾ?"

ಹೀಗೆ ನಡೆಯುತ್ತಿದ್ದಾಗ ಅಕ್ಕನ ದನಿ ಒಡೆಯಿತು. ಮೊದಲು ನೆಗಡಿ ಎಂದುಕೊಂಡೆವು. ಬಿಸಿನೀರು, ಉಪ್ಪುನೀರು ಎಲ್ಲ ಆಯಿತು. ಧ್ವನಿಮುದ್ರಣದಲ್ಲಿ ನನಗೇ ಮೊದಲು ಕೇಳಿಸಿದ್ದು: ಮಾತಿನ ಕೊನೆಗೆ ಕಾಗದ ಹರಿದಂಥ ಒಂದು ಸದ್ದು. "ಅಕ್ಕ, ಡಾಕ್ಟರ ಹತ್ತಿರ ಹೋಗಿ," ಎಂದೆ. ಗಂಟಲಲ್ಲಿ ಗಂಟಿತ್ತು. ತೆಗೆದರು, ಜೀವಕ್ಕೆ ಅಪಾಯವಿಲ್ಲ ಎಂದರು. ಆದರೆ ದನಿ ಹಿಂತಿರುಗಲಿಲ್ಲ. ಉಳಿದದ್ದು ಪಿಸುಮಾತು, ಕಿವಿಯಿಟ್ಟರೆ ಮಾತ್ರ ಕೇಳಿಸುವಂಥದ್ದು.

ನಾನು ಮನೆಗೆ ಹೋದಾಗ ಅಕ್ಕ ಕಿಟಕಿಯ ಹತ್ತಿರ ಕೂತಿದ್ದರು. ಎದುರಿಗೆ ಅರ್ಧ ಹೊಲಿದ ಪ್ಯಾಂಟುಗಳ ರಾಶಿ. ನನ್ನನ್ನು ನೋಡಿ ನಕ್ಕರು, ತುಟಿ ಅಲ್ಲಾಡಿಸಿದರು. ನನಗೇನೂ ಕೇಳಿಸಲಿಲ್ಲ. ಅತ್ತೆ ಯಂತ್ರ ಬಿಟ್ಟು ಬಂದು ಸೊಸೆಯ ಬಾಯಿಗೆ ಕಿವಿ ಕೊಟ್ಟರು.

"ಕಾರ್ಯಕ್ರಮ ಯಾರು ಮಾಡ್ತಿದಾರೆ ಅಂತ ಕೇಳ್ತಿದಾಳೆ."

"ವಾರ್ತೆ ಓದೋರೇ ಓದ್ತಿದಾರೆ. ಅಕ್ಕ ಮೊದಲೇ ಬರೆದಿಟ್ಟಿದ್ದು ಇತ್ತಲ್ಲ, ಅದನ್ನ," ಎಂದೆ.

ಮತ್ತೆ ತುಟಿ ಅಲ್ಲಾಡಿತು. ಅತ್ತೆ ಕೇಳಿಸಿಕೊಂಡು ಹೇಳಿದರು: "ಪರವಾಗಿಲ್ಲ, ಚೆನ್ನಾಗಿ ಓದ್ತಾರೆ ಅಂತಾಳೆ. ಸುಳ್ಳು. ನಾನೂ ಕೇಳಿದೆ. ಹುಟ್ಟಿದೋರಿಗೂ ಸತ್ತೋರಿಗೂ ಒಂದೇ ರಾಗ! ನಾಳೆ ಗುಡುಗು ಸಹಿತ ಮಳೆ ಅನ್ನೋ ಥರ ಹೇಳ್ತಾರೆ."

ಅಕ್ಕ ಸದ್ದಿಲ್ಲದೆ ನಕ್ಕರು. ಹೆಗಲು ಕುಣಿಯಿತು, ದನಿಯೇನೂ ಹೊರಡಲಿಲ್ಲ. ಆಮೇಲೆ ಅದೇ ಹೆಗಲು ಬೇರೆ ಥರ ಅಲುಗತೊಡಗಿತು. ಅತ್ತೆ ಸೊಸೆಯ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು ನನಗೆ ಕಣ್ಣಿನಲ್ಲೇ ಹೊರಡು ಎಂದರು.

ಇಡೀ ದಾರಿ ನನ್ನ ಕಿವಿಯಲ್ಲಿ ಆ ಇಬ್ಬರೇ. ಒಬ್ಬರು ಪಿಸುಗುಟ್ಟುವುದು, ಇನ್ನೊಬ್ಬರು ಅದನ್ನು ಎತ್ತಿಕೊಂಡು, ತಮ್ಮದೂ ನಾಲ್ಕು ಸೇರಿಸಿ ಹೇಳುವುದು. ಕೇಂದ್ರಕ್ಕೆ ಬಂದವನೇ ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಆಗಲೇ ದೊಡ್ಡ ಕೇಂದ್ರದಿಂದ ಸಿದ್ಧ ಕಾರ್ಯಕ್ರಮ ತರಿಸುವ ಮಾತಾಡಿ ಮುಗಿಸಿದ್ದರು. ನನ್ನ ಮಾತು ಕೇಳಿ ಕನ್ನಡಕ ತೆಗೆದರು.

"ಪ್ಯಾಂಟು ಹೊಲಿಯೋರು ರಾಕ್ ಸಂಗೀತದ ಬಗ್ಗೆ ಮಾತಾಡೋದಾ? ತಲೆ ನೆಟ್ಟಗಿದೆಯಾ ನಿಮಗೆ?"

"ಒಂದೇ ಒಂದು ದಿನ ನೋಡಿ ಸಾರ್. ಚೆನ್ನಾಗಿಲ್ಲ ಅಂದ್ರೆ ನಾನೇ ಹಾಡು ಹಾಕಿ ಮುಚ್ಚಿಬಿಡ್ತೀನಿ."

ಅವರನ್ನು ಒಪ್ಪಿಸುವುದು ಸುಲಭವಾಯಿತು. ಅತ್ತೆಯನ್ನು ಒಪ್ಪಿಸುವುದೇ ಹರಸಾಹಸ. "ನಾನಾ? ಆ ಡಬಡಬಕ್ಕಾ? ಊರೋರು ನಗಲ್ವಾ?" ಎಂದು ಕೈ ಕೊಡವಿದರು. ಗಂಡ ಬೇಡಿಕೊಂಡರು, ನಾನು ಬೇಡಿಕೊಂಡೆ. ಕೊನೆಗೆ ಅಕ್ಕನೇ ಅವರ ಕೈ ಹಿಡಿದು ಕಿವಿಯಲ್ಲಿ ಏನೋ ಹೇಳಿದರು. ಏನು ಹೇಳಿದರೆಂದು ಇಬ್ಬರೂ ಯಾರಿಗೂ ಬಾಯಿ ಬಿಡಲಿಲ್ಲ. ಅತ್ತೆ ಅಳತೆ ಟೇಪನ್ನು ಕೊರಳಿಂದ ತೆಗೆದು ಮೊಳೆಗೆ ಸಿಕ್ಕಿಸಿ, "ಯಾವತ್ತು ಬರಬೇಕು?" ಎಂದು ಕೇಳಿದರು.

ಅವರು ಬಂದ ದಿನ ಜನವರಿ ಮೂವತ್ತಾಗಿತ್ತು. ಸ್ಟುಡಿಯೋದಲ್ಲಿ ಎರಡು ಕುರ್ಚಿ ಒತ್ತೊತ್ತಾಗಿ ಹಾಕಿದೆ. ಅತ್ತೆ ಮೈಕನ್ನು ಅನುಮಾನದಿಂದ ನೋಡಿದರು, ಯಾರದೋ ಸೊಂಟ ಅಳೆಯುವವರ ಹಾಗೆ. ಕೆಂಪು ದೀಪ ಹೊತ್ತಿತು. ಅಕ್ಕ ಪಿಸುಗುಟ್ಟಿದರು. ಅತ್ತೆ ಶುರು ಮಾಡಿದರು:

"ಎಲ್ಲರಿಗೂ ನಮಸ್ಕಾರ. ನಾನು ತಾರೀಖಕ್ಕನ ಅತ್ತೆ. ಅವಳು ಇಲ್ಲೇ ಪಕ್ಕದಲ್ಲಿದಾಳೆ, ದನಿ ಸಣ್ಣದಾಗಿದೆ ಅಷ್ಟೇ, ಬುದ್ಧಿ ಹಾಗೇ ಇದೆ. ಅವಳು ಹೇಳಿದ್ದನ್ನ ನಾನು ಹೇಳ್ತೀನಿ. ಈ ದಿನ ನಾಲ್ಕು ಜನ ತಾರಸಿ ಹತ್ತಿ ನುಡಿಸಿದರಂತೆ. ಗಾಳಿ ಅಂದ್ರೆ ಗಾಳಿ, ಬೆರಳು ಮರಗಟ್ಟೋ ಚಳಿ..."

ಅಕ್ಕ ಮತ್ತೆ ಬಗ್ಗಿ ಏನೋ ಹೇಳಿದರು. ಅತ್ತೆ ತಟ್ಟನೆ ಸೊಸೆಯ ಕಡೆ ತಿರುಗಿದರು.

"ಏನಂದೆ? ದರ್ಜಿಗಳ ಬೀದಿನಾ ಅದು?"

ಅಕ್ಕ ತಲೆಯಾಡಿಸಿದರು.

"ಕೇಳಿದ್ರಾ? ಆ ಬೀದಿ ತುಂಬ ಸೂಟು ಹೊಲಿಯೋರ ಅಂಗಡಿಗಳಂತೆ! ಇದನ್ನ ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ ನೀನು? ಅಲ್ಲಾ, ಕೆಳಗೆ ಒಬ್ಬ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಗಿರಾಕಿ ಮೈಮೇಲೆ ಕೋಟು ಕೂರಿಸ್ತಿರ್ತಾನೆ. ಮೇಲಿಂದ ಡಬ್ ಅಂದ್ರೆ ಪಿನ್ನು ಎಲ್ಲಿಗೆ ಹೋಗುತ್ತೆ? ನಾನಾಗಿದ್ರೆ ನಾನೂ ಪೊಲೀಸರನ್ನ ಕರೀತಿದ್ದೆ! ... ಏನು? ಹೂಂ. ಹೂಂ. ಅದೇ ಅವರು ಜನರೆದುರು ಒಟ್ಟಿಗೆ ನುಡಿಸಿದ ಕೊನೇ ಸಲ ಅಂತಾಳೆ. ನಾಲ್ಕು ಜನಕ್ಕೂ ಒಬ್ಬರಿಗೊಬ್ಬರು ಆಗ್ತಿರಲಿಲ್ಲವಂತೆ. ಆದರೂ ನುಡಿಸೋವಾಗ ನಗ್ತಿದ್ದರಂತೆ."

ಇಲ್ಲಿ ಅತ್ತೆ ಸುಮ್ಮನಾದರು. ರೇಡಿಯೋದಲ್ಲಿ ಸುಮ್ಮನಿರುವುದೆಂದರೆ ಅಪರಾಧ. ನನ್ನ ಕೈ ಹಾಡಿನ ಗುಂಡಿಯ ಮೇಲೆ ಹೋಯಿತು. ಅಷ್ಟರಲ್ಲಿ ಅವರೇ ತಗ್ಗಿದ ದನಿಯಲ್ಲಿ ಹೇಳಿದರು:

"ಹಾಗಾದ್ರೆ ಪೊಲೀಸರನ್ನ ಕರೀತಿರಲಿಲ್ಲ ಬಿಡಿ. ಪಿನ್ನು ಬಿದ್ರೆ ಎತ್ತಿಕೊಂಡರಾಯ್ತು."

ಅವತ್ತು ಆಪರೇಟರ್ ಕೋಣೆಯ ಫೋನು ಬಡಿದುಕೊಂಡದ್ದು ಬಡಿದುಕೊಂಡದ್ದೇ. ಮುಖ್ಯಸ್ಥರು ಬಂದು ಒಂದೇ ತಿದ್ದುಪಡಿ ಹೇಳಿದರು: "ಆ ಪಿಸುಪಿಸು ಕೇಳಿಸ್ತಿದೆ, ಅದನ್ನ ತೆಗೆದುಬಿಡಿ." ನಾನು ಆಗಲಿ ಎಂದು, ಮರುದಿನ ಪಿಸುಮಾತು ಇನ್ನೂ ಚೆನ್ನಾಗಿ ಕೇಳಿಸಲೆಂದು ಅಕ್ಕನ ಕಡೆಗೆ ಇನ್ನೊಂದು ಮೈಕು ಇಟ್ಟೆ. ಮುಖ್ಯಸ್ಥರು ಮತ್ತೆ ಆ ಮಾತೆತ್ತಲಿಲ್ಲ.

ಅತ್ತೆ ಸೊಸೆಯರ ಜೋಡಿ ವರ್ಷಾನುಗಟ್ಟಲೆ ನಡೆಯಿತು. ಒಬ್ಬರನ್ನೊಬ್ಬರು ತಿದ್ದುತ್ತ, ಆಗಾಗ ಜಗಳವನ್ನೂ ಆಡುತ್ತ. ಗಿಟಾರನ್ನು ವೇದಿಕೆಯ ಮೇಲೆ ಒಡೆದು ಹಾಕಿದವನ ದಿನ ಬಂದರೆ, "ಅವನಮ್ಮ ಒಂದೇಟು ಹಾಕಿದ್ರೆ ಸರಿಹೋಗ್ತಿದ್ದ," ಎನ್ನುವರು ಅತ್ತೆ. ಅಕ್ಕ ಪಿಸುದನಿಯಲ್ಲೇ ಅವನ ಪರ ವಾದಿಸುವರು. ಅವನ ನೋವು ಏನೆಂದು ಅತ್ತೆಗೆ ಅರ್ಥವಾಗುವ ತನಕ ಬಿಡುತ್ತಿರಲಿಲ್ಲ. ಅತ್ತೆಗೆ ಅರ್ಥವಾದರೆ ಊರಿಗೆ ಅರ್ಥವಾದ ಹಾಗೆ. ಅಕ್ಕನ ಜಾಣತನ ಅಲ್ಲಿತ್ತು. ದನಿ ಹೋದದ್ದನ್ನು ಆಮೇಲೆ ಅವರು ಎಂದೂ ದೊಡ್ಡದು ಮಾಡಲಿಲ್ಲ, ಅತ್ತು ಕರೆಯಲೂ ಇಲ್ಲ. ಇನ್ನೊಬ್ಬರ ಬಾಯಿಂದ ತನ್ನ ಮಾತು ಹೊರಡಿಸಬೇಕಾದರೆ ಹೇಗೆ ಹೇಳಬೇಕೆಂದು ಮೊದಲಿನಿಂದ ಕಲಿತರು, ಅಷ್ಟೇ.

ಅತ್ತೆ ತೀರಿಕೊಂಡದ್ದು ಒಂದು ಮಧ್ಯಾಹ್ನ, ಊಟವಾಗಿ ಅಡ್ಡಾದವರು ಏಳಲಿಲ್ಲ. ಕಾರ್ಯಕ್ರಮವೂ ಮುಗಿಯಿತೆಂದೇ ನಾವೆಲ್ಲ ತಿಳಿದೆವು. ಮುಖ್ಯಸ್ಥರು ಬೇರೆ ಯಾರನ್ನಾದರೂ ಜೊತೆಗೆ ಕೊಡುತ್ತೇನೆಂದು ಹೇಳಿಕಳಿಸಿದರು. ಅಕ್ಕ ಕೆಲವು ವಾರ ಬಿಟ್ಟು ಒಬ್ಬರೇ ಬಂದರು. ಎರಡನೆಯ ಕುರ್ಚಿಯನ್ನು ತಾವೇ ಗೋಡೆಗೆ ಸರಿಸಿದರು. ಮೈಕನ್ನು ತುಟಿಗೆ ತಾಕುವಷ್ಟು ಹತ್ತಿರ ಎಳೆದುಕೊಂಡು ನನ್ನ ಕಡೆ ನೋಡಿದರು. ನಾನು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಅವರ ಉಸಿರು, ನಾಲಗೆ ಹಲ್ಲಿಗೆ ತಾಕುವ ಸದ್ದು, ಎಲ್ಲ ಕೇಳಿಸುತ್ತಿತ್ತು. ಅದರ ನಡುವೆ ಮಾತೂ ಕೇಳಿಸುತ್ತಿತ್ತು. "ಅತ್ತೆ ಇಲ್ಲ," ಎಂದರು. "ಇನ್ನು ಮೇಲೆ ನೀವೇ ಸ್ವಲ್ಪ ಹತ್ತಿರ ಬರಬೇಕು." ಆಮೇಲೆ ಆ ದಿನದ ಕಥೆ ಹೇಳಿದರು.

ಪಿಸುಮಾತನ್ನು ಯಾರು ಕೇಳುತ್ತಾರೆ ಎಂಬ ಆತಂಕ ನನಗಿದ್ದೇ ಇತ್ತು. ಕೆಲದಿನಗಳ ಮೇಲೆ ರಜೆ ಹಾಕಿದ್ದೆ. ಬೆಳಗ್ಗೆ ಕ್ಷೌರದಂಗಡಿಗೆ ಹೋದೆ. ಅಲ್ಲಿ ಎಂದಿನ ಗದ್ದಲ: ಫ್ಯಾನು, ಯಂತ್ರ, ಪೇಪರು ಓದುವವರ ವಾದ. ನನ್ನ ಅರ್ಧ ಗಡ್ಡ ತೆಗೆದಾಗಿತ್ತು. ಹವಾಮಾನ ವರದಿ ಮುಗಿಯಿತು. ಕ್ಷೌರಿಕ ಕತ್ತಿ ಕೆಳಗಿಟ್ಟು ಹೋಗಿ ಫ್ಯಾನು ಆರಿಸಿ, ರೇಡಿಯೋದ ಸದ್ದು ಜಾಸ್ತಿ ಮಾಡಿದ. ಬೆಂಚಿನ ಮೇಲಿದ್ದವರು ಪೇಪರು ಮಡಚಿದರು.

"ಇದೇನಪ್ಪ, ಮುಖದ ಮೇಲೆ ಸೋಪು ಒಣಗ್ತಿದೆ," ಎಂದೆ ನಾನು, ಬೇಕೆಂದೇ.

"ಸ್ವಲ್ಪ ತಡೀರಿ ಸಾರ್," ಎಂದ ಆತ, ತುಟಿಯ ಮೇಲೆ ಬೆರಳಿಟ್ಟು. "ಅಕ್ಕ ಮಾತಾಡ್ತಿದಾರೆ."