ಕಿಟಕಿ ಪಕ್ಕದ ಟೇಬಲ್ಲು

ಮೇಟಗಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಆಡಳಿತ ಕಚೇರಿ ಮೊದಲ ಮಹಡಿಯಲ್ಲಿದೆ ಎಂದು ಬೋರ್ಡು ಹೇಳುತ್ತದೆ. ಬೋರ್ಡಿಗೇನು, ಬರೆದದ್ದನ್ನು ಹೇಳುತ್ತದೆ. ನಿಜವಾದ ಆಡಳಿತ ನಡೆಯುವುದು ಕ್ಯಾಂಟೀನಿನಲ್ಲಿ, ಕಿಟಕಿ ಪಕ್ಕದ ಟೇಬಲ್ಲಿನಲ್ಲಿ. ಯಾರಿಗೆ ಯಾವ ಶಿಫ್ಟು, ಯಾರಿಗೆ ಬಡ್ತಿ, ಯಾರ ರಜೆಗೆ ಕತ್ತರಿ, ಎಲ್ಲವೂ ಅಲ್ಲಿ ಮೊಸರನ್ನ ಮುಗಿಯುವಷ್ಟರಲ್ಲಿ ತೀರ್ಮಾನವಾಗಿರುತ್ತದೆ.

ಆ ಟೇಬಲ್ಲಿಗೆ ಯಾರೂ ಯಾರನ್ನೂ ಬಾಯಿಬಿಟ್ಟು ಕರೆಯುವುದಿಲ್ಲ. ಕೆಲಸಕ್ಕೆ ಸೇರಿದ ವಾರದಲ್ಲಿ ಯಾರೋ ಒಬ್ಬರು ಬಂದು, "ನಿಮ್ಮ ಮನೆದೇವ್ರು ಯಾವ್ದಮ್ಮ?" ಎಂದು ವಿಚಾರಿಸುತ್ತಾರೆ, ಅಷ್ಟೇ. ನಾನು ಹೇಳಿದೆ. ಒಂಟಿಕೊಪ್ಪಲಿನ ನಮ್ಮ ಮನೆಯವರು ನಡೆದುಕೊಳ್ಳುವ ಮಠಕ್ಕೇ ಮ್ಯಾನೇಜರರ ಮನೆಯವರೂ ನಡೆದುಕೊಳ್ಳುತ್ತಿದ್ದರು. ಮರುದಿನದಿಂದ ನನ್ನ ಡಬ್ಬಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಬೇರೆ ದೇವರ ಹೆಸರು ಹೇಳಿದವರು ಕೈತೊಳೆಯುವ ನಲ್ಲಿಯ ಪಕ್ಕ ಕೂತರು.

ಹಾಗೆ ನಲ್ಲಿ ಪಕ್ಕ ಕೂತವಳೊಬ್ಬಳು ನನ್ನ ಜೊತೆಯಲ್ಲೇ, ಒಂದೇ ದಿನ, ತಪಾಸಣಾ ವಿಭಾಗಕ್ಕೆ ಸೇರಿದವಳು. ಮಂಡಕಳ್ಳಿಯ ಆಚೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಾಳೆ. ನಮ್ಮಲ್ಲಿ ತಯಾರಾಗುವ ಉಕ್ಕಿನ ಶಾಫ್ಟಿನ ಮೇಲೆ ಬೆರಳಾಡಿಸಿಯೇ ಉಬ್ಬು ಎಲ್ಲಿದೆ ಎಂದು ಹೇಳಿಬಿಡುತ್ತಾಳೆ. ಅಳತೆಯ ಗೇಜು ಹಿಡಿದು ನೋಡಿದರೆ ಅದೂ ಅದನ್ನೇ ಹೇಳುತ್ತದೆ.

ಈ ವರ್ಷ ಎರಡನೆಯ ಶಿಫ್ಟಿಗೆ ಸೂಪರ್‌ವೈಸರ್ ಬೇಕಾಯಿತು. ಮೊದಲ ಶಿಫ್ಟಿನ ಸೂಪರ್‌ವೈಸರ್ ನಾನು, ಹಾಗಾಗಿ ಆಯ್ಕೆ ಮಾಡುವ ಮೂವರಲ್ಲಿ ನಾನೂ ಒಬ್ಬಳು. ಹುದ್ದೆಗೆ ನಿಂತವರು ಇಬ್ಬರು: ಅವಳು, ಮತ್ತು ಮ್ಯಾನೇಜರರ ನೆಂಟ, ಸೇರಿ ಎರಡೇ ವರ್ಷವಾದವನು. ನಾನು ಹಟ ಹಿಡಿದು ಪರೀಕ್ಷೆ ಇಡಿಸಿದೆ. ರಾಶಿಯಲ್ಲಿದ್ದ ಮೂರು ಕೆಟ್ಟ ಶಾಫ್ಟುಗಳನ್ನೂ ಅವಳು ಆರಿಸಿ ತೆಗೆದಳು. ಅವನಿಗೆ ಒಂದು ಸಿಕ್ಕಿತು.

ಮರುದಿನ ಊಟದ ಹೊತ್ತಿಗೆ ಮ್ಯಾನೇಜರರು ಉಪ್ಪಿನಕಾಯಿ ಬಡಿಸಿಕೊಳ್ಳುತ್ತಾ ಹೇಳಿದರು, "ನಮ್ಮೋನ್ಗೇ ಆಗ್ಲಿ ಕಣಮ್ಮ. ಸೈನ್ ಹಾಕ್ಬುಡಿ, ಆಮೇಲೆ ಕಲ್ತ್ಕತಾನೆ."

"ಅವಳು ಕಲ್ತಾಗಿದೆಯಲ್ಲ ಸಾರ್?"

"ಅದ್ಸರಿ. ನಮ್ಮೋರನ್ನ ನಾವೇ ಕೈಬುಟ್ರೆ ಹೆಂಗೆ?"

ನನಗೆ ಮೈಯೆಲ್ಲ ಉರಿದುಹೋಯಿತು. "ನಾನು ಸೈನ್ ಹಾಕಲ್ಲ" ಎಂದೆ. ಅರ್ಧ ಊಟದಲ್ಲೇ ಡಬ್ಬಿ ಎತ್ತಿಕೊಂಡು, ಇಡೀ ಕ್ಯಾಂಟೀನು ನೋಡುತ್ತಿದ್ದ ಹಾಗೆ ನಲ್ಲಿ ಪಕ್ಕದ ಟೇಬಲ್ಲಿಗೆ ಹೋಗಿ ಅವಳೆದುರು ಕೂತೆ. ಸುಳ್ಳೇಕೆ, ಎದೆಯುಬ್ಬಿತ್ತು. ಅವಳು ನನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದೇ ಅಂದುಕೊಂಡಿದ್ದೆ.

ಅವಳು ಮುದ್ದೆ ಮುರಿಯುತ್ತಾ, ತಲೆಯೆತ್ತದೆ ಕೇಳಿದಳು, "ಇವತ್ತು ಹಾಕ್ನಿಲ್ಲ, ಸರಿ. ಎಂಟು ವರ್ಸದ್ ಹಿಂದೆ ನಿಮ್ಗೆ ಅಂತ ಅವ್ರೆಲ್ಲ ಸೈನ್ ಹಾಕ್ದಾಗ ಯಾಕ್ ಸುಮ್ಕಿದ್ರಿ? ಆಗ್ಲೂ ಎದ್ರುಗಿದ್ದೋಳು ನಾನೇ ಅಲ್ವ್ರಾ?"

ಹೌದು, ಮೊದಲ ಶಿಫ್ಟಿನ ಹುದ್ದೆಗೆ ಆಗ ನಿಂತವರು ನಾವಿಬ್ಬರೇ. ಪರೀಕ್ಷೆ ಗಿರೀಕ್ಷೆ ಏನೂ ಇರಲಿಲ್ಲ. ಕಿಟಕಿ ಪಕ್ಕ ಹೋಳಿಗೆ ತಿನ್ನುತ್ತಾ ಮುಗಿಸಿದ್ದರು. ಹೋಳಿಗೆ ಮಾಡಿ ತಂದವಳು ನಾನೇ. ಹುದ್ದೆ ಹೇಗೆ ಬಂತು ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು, ಖುಷಿಯೂ ಆಗಿತ್ತು. ಈಗ ನಾಚಿಕೆಯಿಂದ ಡಬ್ಬಿ ಮುಚ್ಚಿದೆ.

"ಗೊತ್ತಿದ್ದೇ ಸುಮ್ನಿದ್ದೆ. ತಪ್ಪಾಯ್ತು" ಎಂದೆ.

"ನಂಗೇಳಿದ್ರೆ ಏನ್ ಬಂತು? ಬರ್ಯೋ ಜಾಗ್ದಲ್ಲಿ ಬರೀರಿ" ಎಂದು ಅವಳು ಕೈತೊಳೆಯಲು ಎದ್ದಳು.

ಊಟದ ಹೊತ್ತು ಮುಗಿದ ಮೇಲೆ ಆಯ್ಕೆಯ ಕಡತ ಬಂತು. ಎರಡು ಸಹಿ ಆಗಲೇ ಬಿದ್ದಿದ್ದವು. ನನ್ನ ಜಾಗದಲ್ಲಿ ಬರೆದೆ: ‘ಪರೀಕ್ಷೆಯಲ್ಲಿ ಗೆದ್ದವಳನ್ನು ಬಿಟ್ಟಿದ್ದಕ್ಕೆ ನನ್ನ ಒಪ್ಪಿಗೆಯಿಲ್ಲ. ಎಂಟು ವರ್ಷದ ಹಿಂದೆಯೂ ಇವಳನ್ನು ಹೀಗೇ ಬಿಡಲಾಯಿತು. ಆಗ ಅದರ ಲಾಭ ಪಡೆದವಳು ನಾನು.’ ಒಂದು ಪ್ರತಿಯನ್ನು ಪ್ರಧಾನ ಕಚೇರಿಗೆ ಕಳಿಸಿ, ಕಡತವನ್ನು ನಾನೇ ಮೇಲಕ್ಕೆ ಒಯ್ದು ಕೊಟ್ಟೆ.

ಮ್ಯಾನೇಜರರು ಎರಡು ಸಲ ಓದಿದರು. "ಇದೇನಮ್ಮ ಮಾಡ್ಬುಟ್ರಿ? ಇದು ಹೆಡ್ಡಾಫೀಸಿಗೆ ಹೋದ್ರೆ ನಿಮ್ಮ ಕುರ್ಚಿನೇ ಹೋಗ್ತದೆ!"

"ಹೋಗ್ಲಿ ಸಾರ್," ಎಂದೆ. "ಅದು ಅವಳ ಕುರ್ಚಿ."