ಲಕ್ಷ್ಮಣಪ್ಪನ ಕಾರಿಗೆ ದೊಡ್ಡ ಚಕ್ರ

ಪಟ್ಟಂದೂರು ಅಗ್ರಹಾರದ ಲಕ್ಷ್ಮಣಪ್ಪನಿಗೆ ಹುಚ್ಚು ಅಂತ ಇದ್ದದ್ದು ಒಂದೇ, ಆ ಕೆಂಪು ಕಾರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದ ಮೇಲೆ ಮನುಷ್ಯನಿಗೆ ಹೊತ್ತು ಹೋಗಬೇಡವೇ? ಊರು ಬಿಟ್ಟು ಹೊರಟಿದ್ದ ಕಂಪನಿ ಸಾಹೇಬರೊಬ್ಬರಿಂದ ಕೊಂಡ ಹಳೇ ಕಾಲದ ವಿಲಾಯತಿ ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಎತ್ತರ ಎಮ್ಮೆಯ ಬೆನ್ನಿಗೂ ಬಾರದು. ಲಕ್ಷ್ಮಣಪ್ಪ ದೇವರಿಗೆ ಕೈಮುಗಿಯುವ ಮೊದಲು ಅದರ ಬಾನೆಟ್ ಒರೆಸುತ್ತಿದ್ದ.

ಎರಡು ಸೀಟಿನಲ್ಲಿ ಒಂದು ಯಾವಾಗಲೂ ಖಾಲಿ, ಅದೇ ಅವನ ಸಂಕಟ. ಹೆಂಡತಿ ಪಿಳ್ಳಮ್ಮ ಒಂದೇ ಒಂದು ಸಲ ಕೂತಿದ್ದಳು. ಕೂರುವುದೇನೋ ಧೊಪ್ಪೆಂದು ಕೂತಳು, ಏಳಬೇಕಲ್ಲ! ಮೊಣಕಾಲು ನೋವಿನ ಹೆಂಗಸು. ಕೊನೆಗೆ ಬಾಡಿಗೆ ಮನೆಯ ಹುಡುಗರಿಬ್ಬರು ಒಂದೊಂದು ಕೈ ಹಿಡಿದು, ಬೀದಿಯೆಲ್ಲ ನೋಡುತ್ತಿರುವಾಗ, ಎಳೆದು ನಿಲ್ಲಿಸಿದರು. "ಇನ್ನೊಂದ್ಸಲ ಈ ಬಾಣ್ಲಿ ಒಳಗೆ ಕೂತ್ರೆ ಕೇಳಿ," ಎಂದು ಒಳಗೆ ಹೋದವಳು ಆಮೇಲೆ ಆ ಕಡೆ ತಿರುಗಿಯೂ ನೋಡಲಿಲ್ಲ.

ಈಗ ಮಹದೇವಪುರದಲ್ಲಿ ಅವಳ ತಮ್ಮನ ಮಗಳ ನಿಶ್ಚಿತಾರ್ಥ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ತವರಿನ ಬಾಗಿಲಿಗೆ ಹೋಗಿ ಇಳಿಯಬೇಕು, ಆಗದಿದ್ದರೆ ಈ ಕಾರು ಇದ್ದೂ ದಂಡ ಎಂದು ಲಕ್ಷ್ಮಣಪ್ಪ ಹಟ ಹಿಡಿದ. ಕಾರು ತಗ್ಗಾದರೆ ಚಕ್ರ ದೊಡ್ಡದು ಮಾಡಿದರಾಯಿತು ಎಂದು ಹೊಳೆದದ್ದೇ ತಡ, ಹೂಡಿಯ ಟಯರ್ ಅಂಗಡಿಯ ಮುನೀಂದ್ರನನ್ನು ಮನೆಗೇ ಕರೆಸಿದ.

ಮುನೀಂದ್ರ ಜಾಕ್ ಕೊಟ್ಟು ಹಳೆಯ ಚಕ್ರ ಬಿಚ್ಚಿ, ಫಳಫಳ ಹೊಳೆಯುವ ದೊಡ್ಡ ಅಲಾಯ್ ಚಕ್ರ ಕೂರಿಸಿದ. ಕಾರು ಅಪ್ಪನ ಚಪ್ಪಲಿ ಮೆಟ್ಟಿಕೊಂಡ ಮಗುವಿನಂತೆ ಕಂಡಿತು.

"ಅಣ್ಣಾ, ಸ್ಟೇರಿಂಗು ಎರಡೂ ಕಡೆ ಪೂರ್ತಿ ತಿರುಗ್ಸಿ ನೋಡ್ಬೇಕು. ಮಡ್ಗಾರ್ಡಿಗೆ ಉಜ್ಜಿದ್ರೆ ಕಷ್ಟ," ಎಂದ ಮುನೀಂದ್ರ.

"ಪೂಜೆ ಆಗ್ದೆ ಯಾರಾದ್ರೂ ಗಾಡಿ ತಿರುಗಿಸ್ತಾರೇನಪ್ಪ? ಗುಡಿ ತಾವ ನಾನೇ ನೋಡ್ಕಂತೀನಿ, ನೀನಿನ್ನು ಓಗು."

ಮನೆಯೆದುರಿಗೇ ಮುನೇಶ್ವರನ ಗುಡಿ. ಚಕ್ರಗಳಡಿ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಕಾರಿನಲ್ಲೇ ಕೂತು ಗುಡಿಗೆ ಪ್ರದಕ್ಷಿಣೆ ಬಂದ. ಒಂಚೂರು ಸದ್ದಿಲ್ಲ, ಉಜ್ಜಾಟವಿಲ್ಲ. "ಉಜ್ತದಂತೆ, ಉಜ್ತದೆ!" ಎಂದು ಮುನೀಂದ್ರನನ್ನು ಅಣಕಿಸಿದ.

ನಿಶ್ಚಿತಾರ್ಥದ ದಿನ ಪಿಳ್ಳಮ್ಮ, ಮೂರು ಬೆರಳು ಮೇಲೆದ್ದ ಸೀಟನ್ನು ಅಂಗೈಯಲ್ಲಿ ಒತ್ತಿ ನೋಡಿದಳು. "ಇಷ್ಟೆಲ್ಲ ಕುಣಿದಿದೀರಲ್ಲ, ನಡೀರಿ," ಎಂದು ಕೂತೇಬಿಟ್ಟಳು. ಲಕ್ಷ್ಮಣಪ್ಪನಿಗೆ ಸ್ವರ್ಗ ಮೂರೇ ಗೇಣು.

ಮೊದಲ ಎಡ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದ. ಕರ್ರ್ರ್! ಎಡಗಡೆಯ ಮಡ್ಗಾರ್ಡು ಯಾವ ಕಾಲದಲ್ಲೋ ಗುದ್ದಿಸಿಕೊಂಡು ಒಳಕ್ಕೆ ಬಾಗಿತ್ತು. ಎಡಕ್ಕೆ ತಿರುಗಿಸಿದರೆ ಸಾಕು, ದೊಡ್ಡ ಟಯರು ಅದಕ್ಕೆ ಕಚ್ಚಿಕೊಳ್ಳುತ್ತಿತ್ತು. ಗುಡಿಯನ್ನು ಬಲಕ್ಕೆ ಸುತ್ತಿದ್ದ ನಿಜ. ಎಡಕ್ಕೆ ಸುತ್ತುವ ಅಪಚಾರವನ್ನು ಯಾವ ಮಗ ಮಾಡುತ್ತಾನೆ ಹೇಳಿ!

"ಏನ್ರೀ ಅದು ಸದ್ದು?"

"ಓಸ ಟಯರು, ಅಂಗೇಯ," ಎಂದವನು ನೆಟ್ಟಗೆ ಮುಂದೆ ಹೋಗಿ ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೂ ಬಲಕ್ಕೆ ತಿರುಗಿಸಿದ. ಮೂರು ಬಲ ಸೇರಿ ಒಂದು ಎಡವಾಗುತ್ತದೆ ಎಂಬುದು ಅವನ ಲೆಕ್ಕ, ಆದರೆ ಅಡ್ಡರಸ್ತೆ ತಪ್ಪಿ ಹೊರಟಲ್ಲಿಗೇ ಬಂದ. ಕಂಪನಿ ಗೇಟಿನ ಸೆಕ್ಯುರಿಟಿಯವನು ಮೊದಲ ಸಲ ಸಲ್ಯೂಟ್ ಹೊಡೆದಿದ್ದ, ಈಗ ಬಾಯಿ ಮುಚ್ಚಿಕೊಂಡು ನಕ್ಕ.

"ಈ ಗೇಟು ಆಗ್ಲೇ ಬಂತಲ್ರೀ?"

"ಈ ಕಂಪ್ನಿಗಳೆಲ್ಲಾ ಒಂದೇ ತರ ಇರ್ತವೆ ಕಣೆ."

"ಎಳನೀರಿನವನೂ ಒಂದೇ ತರ ಇರ್ತಾನಾ? ಅಮ್ಮಾ ಎಳನೀರು ಕುಡ್ದು ಓಗಿ ಅಂತ ಆಗ್ಲಿಂದ ಕರೀತಾವ್ನೆ!"

ಲಕ್ಷ್ಮಣಪ್ಪ ಗಾಡಿ ನಿಲ್ಲಿಸಿ ಬೆವರು ಒರೆಸಿಕೊಂಡ. "ಎಡಕ್ಕೆ ತಿರುಗ್ತಾ ಇಲ್ಲ ಕಣೆ. ಗುಡಿ ಸುತ್ತ ಬಲಕ್ಕೇ ನೋಡಿದ್ದು."

ಪಿಳ್ಳಮ್ಮ ಬೈಯುತ್ತಾಳೆ ಎಂದುಕೊಂಡರೆ, ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅಲ್ಲಿಂದ ಮಹದೇವಪುರದವರೆಗೆ "ಅಗೋ, ಅಲ್ಲಿ ಬಲಕ್ಕೆ" ಎಂದು ದಾರಿ ತೋರಿಸಿದವಳು ಅವಳೇ. ಉಂಗುರ ಹಾಕಿ ಮುಗಿದು, ಊಟದ ಎಲೆ ಎತ್ತುವ ಹೊತ್ತಿಗೆ ಮುಟ್ಟಿದರು.

ಜನ ಸುತ್ತ ಸೇರಿದರು. ಪಿಳ್ಳಮ್ಮ ಏಳಲು ನೋಡಿದಳು, ಆಗಲಿಲ್ಲ. ಮೂರು ಬೆರಳು ಯಾವ ಮೂಲೆಗೂ ಸಾಲಲಿಲ್ಲ. ಮತ್ತದೇ ಕಥೆ. ತಮ್ಮನ ಗಂಡುಮಕ್ಕಳು ಓಡಿಬಂದು ಕೈ ಚಾಚಿದರು.

"ತಡೀರೋ, ಯಾರೂ ಮುಟ್ಬೇಡಿ," ಎಂದು ಪಿಳ್ಳಮ್ಮ ಗಂಡನ ಕಡೆ ತಿರುಗಿದಳು. "ಅವತ್ತು ಆ ಉಡುಗ್ರು ನನ್ನ ಎಳೀವಾಗ ನೀವು ಈ ಸೀಟ್ನಲ್ಲೇ ಕೂತ್ಕಂಡು ಏನಂತಿದ್ರಿ, ನೆಪ್ಪೈತಾ? 'ಬಾಗ್ಲಿನ ಬಣ್ಣ ಉಷಾರು, ಬಾಗ್ಲಿನ ಬಣ್ಣ ಉಷಾರು!' ಸೀಟು ತಗ್ಗು ಅಂತ ನಾನು ಕೂರ್ದೆ ಇದ್ದಿದ್ದಾ?"

ಲಕ್ಷ್ಮಣಪ್ಪ ಇಳಿದ. ಕಾರನ್ನು ಬಳಸಿ ಬಂದು ಎರಡೂ ಕೈ ಕೊಟ್ಟ. ಪಿಳ್ಳಮ್ಮ ಭಾರವನ್ನೆಲ್ಲ ಅವನ ಮೇಲೆ ಬಿಟ್ಟು, ಬಾಗಿಲಿಗೆ ಪಾದ ಒತ್ತಿಕೊಟ್ಟು ಎದ್ದಳು. ಅವಳ ಕಾಲುಂಗುರ ಕೆಂಪು ಬಣ್ಣದ ಮೇಲೆ ಪರ್ರೆಂದು ಉದ್ದಕ್ಕೂ ಗೀರಿತು. ಲಕ್ಷ್ಮಣಪ್ಪನಿಗೆ ಕೇಳಿಸಿತು, ಹಿಡಿದ ಕೈ ಬಿಡಲಿಲ್ಲ.